ಶ್ರೀಶೈಲ ನಡೆದ ಕಾಲಿಗೆ ಥೊರಾಂಗ್ ಲಾ ದಕ್ಕೀತೇ?

ಪ್ರಶ್ನೆ: ನಾನು ಗಂಗಾವತಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ವಯಸ್ಸು 47. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವುದು ನಮ್ಮ ಮನೆತನದ ರೂಢಿ. ದಿನಕ್ಕೆ ಮೂವತ್ತೈದು ಕಿಲೋಮೀಟರ್ ನಡೆದರೂ ಮರುದಿನ ಏಳಲು ಕಷ್ಟವಾಗುವುದಿಲ್ಲ. ಅಂಜನಾದ್ರಿಯನ್ನು ಎಲ್ಲೂ ನಿಲ್ಲದೆ ಹತ್ತುತ್ತೇನೆ. ಈ ಸಲ ದಸರಾ ರಜೆಯಲ್ಲಿ ನೇಪಾಳಕ್ಕೆ ಹೋಗಿ, ಅನ್ನಪೂರ್ಣ ಪರ್ವತಶ್ರೇಣಿಯನ್ನು ಸುತ್ತಿ, ಥೊರಾಂಗ್ ಲಾ ಎಂಬ ಎತ್ತರದ ಕಣಿವೆದಾರಿ ದಾಟಿ ಮುಕ್ತಿನಾಥಕ್ಕೆ ಇಳಿಯಬೇಕೆಂಬ ಆಸೆ. ಮನಾಂಗ್‌ವರೆಗೆ ಜೀಪಿನಲ್ಲಿ ಹೋದರೆ ಎಲ್ಲ ಸೇರಿ ಹತ್ತು ದಿನ ಸಾಕು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ. 2024ರಲ್ಲಿ ಉತ್ತರಾಖಂಡದಲ್ಲಿ ನಮ್ಮ ರಾಜ್ಯದ ಚಾರಣಿಗರು ತೀರಿಕೊಂಡ ಸುದ್ದಿ ನೋಡಿದಾಗಿನಿಂದ ಮನೆಯವರು ಬೇಡವೆನ್ನುತ್ತಿದ್ದಾರೆ. ದೊಡ್ಡ ಬೆಟ್ಟಗಳಿಲ್ಲದ ನಮ್ಮ ಸೀಮೆಯಲ್ಲಿ ತಯಾರಿ ಹೇಗೆ? ಪಕ್ಕದ ಮನೆಯ ಆಚಾರ್ಯರು ಸಾಲಿಗ್ರಾಮ ತರಲು ಹೇಳಿದ್ದಾರೆ, ಅದರ ಬಗ್ಗೆಯೂ ತಿಳಿಸಿ.

ಉತ್ತರ: ಮಾಸ್ತರರೇ, ನೀವು ಹೋಗಬಹುದು. ಆದರೆ ದಸರಾ ರಜೆಯಲ್ಲಿ ಬೇಡ, ಹತ್ತು ದಿನದಲ್ಲಂತೂ ಬೇಡವೇ ಬೇಡ. ಬೇಸಿಗೆ ರಜೆಯಲ್ಲಿ, ಮೂರು ವಾರ ಕೈಯಲ್ಲಿಟ್ಟುಕೊಂಡು ಹೋಗಿ. ಮುಂದೆ ಬರೆದಿರುವುದೆಲ್ಲ ಬಹುಪಾಲು ಈ ಮಾತಿನ ವಿವರಣೆ.

ಶ್ರೀಶೈಲದ ದಾರಿ ಹಿಡಿದವರನ್ನು ನಾನು ಹಗುರವಾಗಿ ಕಾಣುವವನಲ್ಲ. ಯುಗಾದಿ ಹತ್ತಿರ ಬಂದಂತೆ ನಮ್ಮ ಬಳ್ಳಾರಿಯ ರಸ್ತೆಗಳಲ್ಲೂ ಮಲ್ಲಯ್ಯನ ಕಂಬಿ ಹೊತ್ತ ತಂಡಗಳು ಸಾಗುತ್ತವೆ. ಬರಿಗಾಲಲ್ಲಿ ನಡೆಯುವವರಿದ್ದಾರೆ, ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಟಾರು ರಸ್ತೆ ತುಳಿದು, ಕೊನೆಗೆ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ದಾಟಿ ಕೈಲಾಸದ್ವಾರದ ಮೆಟ್ಟಿಲು ಹತ್ತುವವರಿಗೆ ದೂರದ ನಡಿಗೆ ಎಂದರೆ ಏನೆಂದು ನಾನು ಹೇಳಿಕೊಡಬೇಕಾಗಿಲ್ಲ. ಗುಳ್ಳೆ ಎದ್ದ ಪಾದವನ್ನು ನೋಡಿಕೊಳ್ಳುವುದು, ಸಿಕ್ಕಲ್ಲಿ ಮಲಗುವುದು, ಇದ್ದುದನ್ನು ಉಣ್ಣುವುದು, ಗಂಟೆಗಟ್ಟಲೆ ಒಂದೇ ಹದದಲ್ಲಿ ಹೆಜ್ಜೆ ಹಾಕುವುದು ನಿಮಗೆ ಬರುತ್ತದೆ. ಬೆಂಗಳೂರಿನ ಜಿಮ್‌ನಲ್ಲಿ ತಯಾರಾಗಿ ಬರುವ ಎಷ್ಟೋ ಹುಡುಗರಿಗೆ ಈ ನಾಲ್ಕರಲ್ಲಿ ಒಂದೂ ಬರುವುದಿಲ್ಲ.

ನನ್ನನ್ನು ಕಾಡುವುದು ಪಾದಯಾತ್ರೆ ಕಲಿಸುವ ಇನ್ನೊಂದು ಗುಣ. ಹರಕೆ ಹೊತ್ತವರು ಹಿಂದಕ್ಕೆ ತಿರುಗುವುದಿಲ್ಲ. ಪಾದ ಬಿರಿದರೂ ಮೈ ಕಾದರೂ ಮಲ್ಲಯ್ಯನ ಹೆಸರು ಹೇಳಿ ಇನ್ನೊಂದು ಹಳ್ಳಿ ಮುಟ್ಟುತ್ತಾರೆ. ಅಲ್ಲಿ ನೋವು ಸೇವೆಯ ಒಂದು ಭಾಗ. ಜೊತೆಗೆ ದಾರಿಯುದ್ದಕ್ಕೂ ದಾಸೋಹದ ಪೆಂಡಾಲು, ಮಜ್ಜಿಗೆ ಹಿಡಿದು ನಿಂತ ಹಳ್ಳಿಗರು, ಬಿದ್ದರೆ ಎತ್ತಲು ಹಿಂದೆ ಬರುವ ಜನ. ಶ್ರೀಶೈಲ ಗಂಗಾವತಿಗಿಂತ ಹೇಳಿಕೊಳ್ಳುವಷ್ಟು ಎತ್ತರದಲ್ಲೂ ಇಲ್ಲ. ಹೀಗಾಗಿ ನೋವನ್ನು ನುಂಗಿಕೊಂಡು ನಡೆದರೆ ಅಲ್ಲಿ ಹೆಚ್ಚೆಂದರೆ ಒಂದು ವಾರ ಕುಂಟಬೇಕಾಗುತ್ತದೆ. 4,000 ಮೀಟರ್ ಎತ್ತರದಲ್ಲಿ ತಲೆನೋವನ್ನು ಹಾಗೆಯೇ ನುಂಗಿಕೊಂಡು ಮೇಲಕ್ಕೆ ನಡೆದವರು ಸತ್ತಿದ್ದಾರೆ. ಕಾಲನ್ನು ಶ್ರೀಶೈಲದಿಂದ ತನ್ನಿ, ಹರಕೆಯ ಹಟವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಗಾಳಿಯಲ್ಲಿ ಆಮ್ಲಜನಕದ ಪಾಲು ಗಂಗಾವತಿಯಲ್ಲೂ ಥೊರಾಂಗ್ ಲಾದ ನೆತ್ತಿಯಲ್ಲೂ ಒಂದೇ, ಸುಮಾರು ಶೇಕಡಾ 21. ಇಳಿಯುವುದು ಗಾಳಿಯ ಒತ್ತಡ. 5,416 ಮೀಟರ್ ಎತ್ತರದ ಆ ಕಣಿವೆದಾರಿಯಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧದ ಆಸುಪಾಸಿನಲ್ಲಿರುತ್ತದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ಮೊದಲು ಉಸಿರಾಟ ಹೆಚ್ಚುತ್ತದೆ. ಹೆಚ್ಚಿದ ಉಸಿರಾಟದಿಂದ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡಗಳಿಗೆ ಕೆಲವು ದಿನ ಬೇಕು. ಕೆಂಪು ರಕ್ತಕಣಗಳು ಹೆಚ್ಚಾಗಲು ವಾರಗಳೇ ಬೇಕು. ಊರಿನಲ್ಲಿ ಎಷ್ಟೇ ಓಡಿದರೂ ಹತ್ತಿದರೂ ಈ ಕೆಲಸ ಮುಂಗಡವಾಗಿ ಮುಗಿಯುವುದಿಲ್ಲ. ಅಂಜನಾದ್ರಿಯನ್ನು ನಿಲ್ಲದೆ ಹತ್ತುವ ಶಕ್ತಿಗೂ ಪರ್ವತ ಕಾಯಿಲೆ ಬಾರದಿರುವುದಕ್ಕೂ ಸಂಬಂಧವಿಲ್ಲ. ಗಟ್ಟಿಮುಟ್ಟಾದವರೇ ಹೆಚ್ಚು ಸಿಕ್ಕಿಬೀಳುವುದನ್ನು ನಾನು ನೋಡಿದ್ದೇನೆ, ಏಕೆಂದರೆ ಕಾಲಿನಲ್ಲಿ ಕಸುವಿರುವುದರಿಂದ ಅವರು ಬೇಗ ಮೇಲೇರುತ್ತಾರೆ.

ನಿಮ್ಮ ಗೆಳೆಯರ ಜೀಪಿನ ಸಲಹೆ ಅಪಾಯಕಾರಿಯಾಗುವುದು ಇಲ್ಲಿಯೇ. ಈ ಸುತ್ತು ಸಾಮಾನ್ಯವಾಗಿ ಶುರುವಾಗುವ ಬೇಸಿಸಹರ್ ಊರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಮನಾಂಗ್ 3,540 ಮೀಟರ್‌ನಲ್ಲಿ. ಹಿಂದೆ ಇವೆರಡರ ನಡುವೆ ಕಾಲುದಾರಿ ಮಾತ್ರ ಇತ್ತು, ಜನ ಒಂದು ವಾರ ನಡೆದು ಮನಾಂಗ್ ಸೇರುತ್ತಿದ್ದರು. ಆ ನಿಧಾನವೇ ಅವರನ್ನು ಕಾಪಾಡುತ್ತಿತ್ತು. ಈಗ ಮರ್ಸ್ಯಾಂಗ್ದಿ ನದಿಯ ಕಣಿವೆಯುದ್ದಕ್ಕೂ ಜೀಪಿನ ರಸ್ತೆ ಕೊರೆದಿದ್ದಾರೆ. ಬೆಳಿಗ್ಗೆ ಬಾಳೆತೋಟದ ಪಕ್ಕ ಹತ್ತಿದವರು ಒಂದೆರಡು ದಿನದಲ್ಲಿ 3,500 ಮೀಟರ್‌ನಲ್ಲಿ ಇಳಿಯಬಹುದು. ಉಳಿಸಿದ ನಾಲ್ಕು ದಿನಕ್ಕೆ ಅವರು ತೆರುವ ಬೆಲೆ ಮೂರನೆಯ ರಾತ್ರಿ ಗೊತ್ತಾಗುತ್ತದೆ.

ರೂಢಿಯ ನಿಯಮ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಈ ರಾತ್ರಿ ಮಲಗುವ ಜಾಗ ನಿನ್ನೆ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಎತ್ತರದಲ್ಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲಿನಲ್ಲಿ ಎತ್ತರಕ್ಕೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ, ಲೆಕ್ಕಕ್ಕೆ ಬರುವುದು ನಿದ್ದೆ ಮಾಡುವ ಎತ್ತರ. ಇದನ್ನು ಹಿಡಿದು ನಾನಾದರೆ ನಿಮಗೆ ಹೀಗೆ ಹೇಳುತ್ತೇನೆ: ಜಗತ್ ಎಂಬ ಹಳ್ಳಿಯವರೆಗೆ ಜೀಪು ಸಾಕು, ಅದು 1,300 ಮೀಟರ್‌ನಲ್ಲಿದೆ. ಅಲ್ಲಿಂದ ಧಾರಾಪಾನಿ, ನಂತರ ಸುಮಾರು 2,700 ಮೀಟರ್ ಎತ್ತರದ ಚಾಮೆ, ನಂತರ 3,300 ಮೀಟರ್‌ನ ಮೇಲಿನ ಪಿಸಾಂಗ್. ಪಿಸಾಂಗ್‌ನಿಂದ ಕೆಳಗಿನ ರಸ್ತೆ ಹಿಡಿದರೆ ಒಂದೇ ದಿನದಲ್ಲಿ ಮನಾಂಗ್ ಸಿಗುತ್ತದೆ, ಆದರೆ ಘ್ಯಾರು ಮತ್ತು ನಾವಲ್ ಹಳ್ಳಿಗಳ ಮೂಲಕ ಹೋಗುವ ಮೇಲಿನ ದಾರಿಯನ್ನೇ ಹಿಡಿಯಿರಿ. ಹತ್ತುವುದು ಕಠಿಣ, ಆದರೂ ಎದುರಿಗೆ ಅನ್ನಪೂರ್ಣದ ಗೋಡೆ ಪೂರ್ತಿ ತೆರೆದುಕೊಳ್ಳುತ್ತದೆ, ರಸ್ತೆಯ ಧೂಳೂ ಇರುವುದಿಲ್ಲ, ನಾವಲ್‌ನಲ್ಲಿ ಒಂದು ರಾತ್ರಿ ಮಲಗಿದರೆ ಮೈಗೂ ಒಳ್ಳೆಯದು. ಜೀಪು ರಸ್ತೆಯನ್ನು ತಪ್ಪಿಸಿ ಹೋಗುವ ಕಾಲುದಾರಿಗೆ ಬಂಡೆ, ಮರಗಳ ಮೇಲೆ ಕೆಂಪು ಬಿಳಿ ಪಟ್ಟೆ ಬಳಿದಿರುತ್ತಾರೆ, ಅಡ್ಡದಾರಿಗಳಿಗೆ ನೀಲಿ ಬಿಳಿ.

ಮನಾಂಗ್‌ನಲ್ಲಿ ಮೂರು ರಾತ್ರಿ. ಎರಡು ರಾತ್ರಿ ಎಂದು ಕರಪತ್ರಗಳಲ್ಲಿ ಅಚ್ಚು ಹಾಕಿರುತ್ತಾರೆ, ಸಮುದ್ರಮಟ್ಟದಿಂದ ನಾನೂರು ಮೀಟರ್ ಮೇಲೆ ಬದುಕು ಕಳೆದ ನಮಗೆ ಮೂರೇ ಇರಲಿ. ಅಲ್ಲಿ ಸುಮ್ಮನೆ ಮಲಗಬೇಡಿ, ಒಂದು ದಿನ ಗಂಗಾಪೂರ್ಣ ಹಿಮನದಿಯ ಕೆಳಗಿನ ಕೆರೆಯ ಕಡೆ, ಇನ್ನೊಂದು ದಿನ ಹಳ್ಳಿಯ ಮೇಲಿನ ಗುಡ್ಡದ ಕಡೆ ಹತ್ತಿ ಇಳಿದು ಬನ್ನಿ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಎಂಬ ಸಂಸ್ಥೆ ಚಾರಣದ ಎರಡೂ ಋತುಗಳಲ್ಲಿ ಮನಾಂಗ್‌ನಲ್ಲಿ ಚಿಕಿತ್ಸಾಲಯ ನಡೆಸುತ್ತದೆ, ಪರ್ವತ ಕಾಯಿಲೆಯ ಬಗ್ಗೆ ವೈದ್ಯರು ಚಾರಣಿಗರಿಗೆ ತಿಳಿವಳಿಕೆ ಕೊಡುತ್ತಾರೆ. ತಪ್ಪದೆ ಹೋಗಿ ಕುಳಿತುಕೊಳ್ಳಿ. ಮುಂದೆ 4,050 ಮೀಟರ್‌ನ ಯಾಕ್ ಖರ್ಕಾ, ಅಲ್ಲಿಂದ ಸ್ವಲ್ಪ ಮೇಲಿನ ಲೇದರ್, ನಂತರ ಕಣಿವೆದಾರಿಯ ಬುಡದಲ್ಲಿರುವ ಥೊರಾಂಗ್ ಫೇದಿ. ಈ ದಿನಗಳಲ್ಲಿ ನಡಿಗೆ ಮೂರು ನಾಲ್ಕು ಗಂಟೆಗೇ ಮುಗಿದುಹೋಗುತ್ತದೆ. ದಿನಕ್ಕೆ ಮೂವತ್ತೈದು ಕಿಲೋಮೀಟರ್ ನಡೆದವರಿಗೆ ಹನ್ನೊಂದು ಗಂಟೆಗೆ ಲಾಡ್ಜಿನ ಬೆಂಚಿನ ಮೇಲೆ ಸುಮ್ಮನೆ ಕೂರುವುದೇ ದೊಡ್ಡ ಶಿಕ್ಷೆ. ಓದಲು ದಪ್ಪ ಪುಸ್ತಕವೊಂದನ್ನು ಇಟ್ಟುಕೊಳ್ಳಿ, ಎಸೆಸೆಲ್ಸಿ ಉತ್ತರಪತ್ರಿಕೆಗಳನ್ನಂತೂ ಯಾರೂ ಅಲ್ಲಿಗೆ ತಂದುಕೊಡುವುದಿಲ್ಲ.

ದಾಟುವ ದಿನ ನಸುಕಿನ ನಾಲ್ಕೈದು ಗಂಟೆಗೆ ಹೊರಡುತ್ತಾರೆ, ಹೊತ್ತೇರಿದಂತೆ ನೆತ್ತಿಯಲ್ಲಿ ಗಾಳಿ ಜೋರಾಗುತ್ತದೆ. ಫೇದಿಯಿಂದ ಮೇಲಕ್ಕೆ ಸುಮಾರು 900 ಮೀಟರ್ ಏರಿಕೆ. ಅದಾದ ಮೇಲೆ ಮುಕ್ತಿನಾಥಕ್ಕೆ ಸುಮಾರು 1,600 ಮೀಟರ್ ಇಳಿಜಾರು, ಅದೇ ದಿನ. ಎಲ್ಲರೂ ಏರಿಕೆಯ ಬಗ್ಗೆ ಹೆದರುತ್ತಾರೆ, ಅಳುವುದು ಇಳಿಯುವಾಗ.

ಪರ್ವತ ಕಾಯಿಲೆಯ ಲಕ್ಷಣಗಳನ್ನು ನಿಮ್ಮ ಜೊತೆ ಬರುವವರೂ ತಿಳಿದಿರಬೇಕು. ತಲೆನೋವು, ಅದರ ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ಮಿತಿಮೀರಿದ ಸುಸ್ತು. ಇಷ್ಟು ಕಂಡರೆ ಮೇಲೆ ಹೋಗಬೇಡಿ, ಇದ್ದಲ್ಲೇ ಇರಿ. ಕಡಿಮೆಯಾದರೆ ಮುಂದೆ ಹೋಗಬಹುದು, ಹೆಚ್ಚಾದರೆ ಕೆಳಗಿಳಿಯಬೇಕು. ಮಿದುಳು ಊದಿಕೊಂಡರೆ ಕುಡಿದವರಂತೆ ತೂರಾಡುತ್ತಾರೆ, ಮಾತು ತೊದಲುತ್ತದೆ, ಗೊಂದಲಕ್ಕೆ ಬೀಳುತ್ತಾರೆ. ಅನುಮಾನವಿದ್ದರೆ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಕಾಲಿನ ಬೆರಳಿಗೆ ತಾಗಿಸುತ್ತಾ ಒಂದು ಗೆರೆಯ ಮೇಲೆ ನಡೆಯಲು ಹೇಳಿ, ತಪ್ಪಿದರೆ ಅದೇ ಉತ್ತರ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಕುಳಿತಲ್ಲೇ ಏದುಸಿರು ಬರುತ್ತದೆ, ಕೆಮ್ಮು ಬಿಡುವುದಿಲ್ಲ, ಕೆಲವೊಮ್ಮೆ ಕಫ ಕೆಂಪು ನೊರೆಯಾಗಿರುತ್ತದೆ. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ರಾತ್ರಿ ಎರಡು ಗಂಟೆಯಾಗಿದ್ದರೂ ಟಾರ್ಚು ಹಿಡಿದು ಕೆಳಗಿಳಿಸಬೇಕು, ಐದುನೂರರಿಂದ ಸಾವಿರ ಮೀಟರ್ ಇಳಿದರೆ ಜೀವ ಉಳಿಯುವ ಸಂಭವ ದೊಡ್ಡದು. ತಂಡಗಳಲ್ಲಿ ತಲೆನೋವನ್ನು ಮುಚ್ಚಿಡುವವರು ಸಾಮಾನ್ಯವಾಗಿ ಗಂಡಸರು. ತಮ್ಮಿಂದ ಎಲ್ಲರ ಕಾರ್ಯಕ್ರಮ ಕೆಡುತ್ತದೆ ಎಂಬ ಸಂಕೋಚ. ಹೊರಡುವ ಮೊದಲೇ ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದರೆ ಆ ಸಂಕೋಚಕ್ಕೆ ಜಾಗವೇ ಇರುವುದಿಲ್ಲ. ರಜೆಯ ದಿನಗಳ ವಿಷಯದಲ್ಲಿ ಜಿಪುಣರಾಗಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಮಾತ್ರೆಯ ವಿಷಯ. ನೀವು ಕೇಳಿಲ್ಲ, ಆದರೆ ಯಾರಾದರೂ ಡೈಮಾಕ್ಸ್ ತೆಗೆದುಕೊಂಡು ಹೋಗಿ ಎಂದು ಹೇಳಿಯೇ ಹೇಳುತ್ತಾರೆ. ಅಸಿಟಾಜೋಲಮೈಡ್ ಎಂಬ ಈ ಔಷಧ ರೋಗವನ್ನು ಮರೆಮಾಚುವುದಿಲ್ಲ, ಮೂತ್ರಪಿಂಡಗಳ ಮೇಲೆ ಹೇಳಿದ ಕೆಲಸವನ್ನೇ ಚುರುಕುಗೊಳಿಸುತ್ತದೆ. ತಡೆಗಾಗಿ ರೂಢಿಯಲ್ಲಿರುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಎತ್ತರಕ್ಕೆ ಏರುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ. ಸಲ್ಫಾ ಔಷಧ ಆಗದವರು ವೈದ್ಯರಿಗೆ ಮೊದಲೇ ಹೇಳಬೇಕು. ನೀವಂತೂ ನಿಮ್ಮ ರಕ್ತದೊತ್ತಡದ ಮಾತ್ರೆಯ ಚೀಟಿ ಹಿಡಿದು ವೈದ್ಯರ ಬಳಿ ಹೋಗಲೇಬೇಕು. ಹತೋಟಿಯಲ್ಲಿರುವ ರಕ್ತದೊತ್ತಡ ಈ ನಡಿಗೆಗೆ ಅಡ್ಡಿಯಲ್ಲ. ಆದರೆ ಎತ್ತರದಲ್ಲಿ ಒತ್ತಡ ಏರಬಹುದು, ನಿಮ್ಮ ಮಾತ್ರೆಯಲ್ಲೇ ಮೂತ್ರ ಹೆಚ್ಚಿಸುವ ಅಂಶವಿದ್ದರೆ ಡೈಮಾಕ್ಸ್ ಜೊತೆಗೆ ಸೇರಿ ನೀರು ಮತ್ತು ಲವಣ ಕಡಿಮೆಯಾಗಬಹುದು. ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆಯನ್ನು ನಿಮ್ಮ ವಯಸ್ಸಿನವರು ಮಾಡಿಸಿಕೊಂಡರೆ ಒಳ್ಳೆಯದು. ಔಷಧವಿದೆ ಎಂದು ಜೀಪು ಹತ್ತಿದರೆ ಮಾತ್ರ ಎಲ್ಲ ವ್ಯರ್ಥ.

ಈಗ ದಸರಾ ಏಕೆ ಬೇಡ ಎಂಬ ಪ್ರಶ್ನೆ. ಹವಾಮಾನದ ದೃಷ್ಟಿಯಿಂದ ಅಕ್ಟೋಬರ್ ನಿಜಕ್ಕೂ ಚೆನ್ನಾಗಿದೆ. ಮಳೆ ತೊಳೆದ ಆಕಾಶ, ಬೆಟ್ಟಗಳು ಎದುರಿಗೇ ನಿಂತಂತೆ ಕಾಣುತ್ತವೆ. ಆದರೆ ನಿಮ್ಮ ದಸರಾ ನೇಪಾಳದ ದಶೈಂ, ಆ ದೇಶದ ಅತಿ ದೊಡ್ಡ ಹಬ್ಬ. ಕಾಠ್ಮಂಡುವಿನ ಬಸ್ಸುಗಳೆಲ್ಲ ಊರಿಗೆ ಹೋಗುವವರಿಂದ ತುಂಬಿರುತ್ತವೆ, ಒಳ್ಳೆಯ ಮಾರ್ಗದರ್ಶಿಗಳೂ ಭಾರ ಹೊರುವವರೂ ಅಮ್ಮನ ಕೈಯಿಂದ ಹಣೆಗೆ ಟೀಕಾ ಹಚ್ಚಿಸಿಕೊಳ್ಳಲು ಮನೆಗೆ ಹೋಗಬಯಸುತ್ತಾರೆ. ಹೋಗಲಿ ಬಿಡಿ ಅವರು. ಜೊತೆಗೆ ಪ್ರಪಂಚದ ಎಲ್ಲ ಚಾರಣಿಗರೂ ಅದೇ ತಿಂಗಳು ಬರುವುದರಿಂದ ಫೇದಿಯ ಲಾಡ್ಜುಗಳಲ್ಲಿ ಹಾಸಿಗೆ ಸಿಗದೆ ಊಟದ ಕೋಣೆಯಲ್ಲಿ ಮಲಗುವ ಸ್ಥಿತಿ ಬರುತ್ತದೆ. ಇದೆಲ್ಲಕ್ಕಿಂತ ಮಿಗಿಲಾಗಿ, ದಸರಾ ರಜೆಯಲ್ಲಿ ಪ್ರಯಾಣದ ದಿನಗಳನ್ನು ಕಳೆದರೆ ನಡೆಯಲು ಉಳಿಯುವುದು ಎಂಟು ಹತ್ತು ದಿನ.

ಶಿಕ್ಷಕರಾದ ನಿಮಗೆ ಬ್ಯಾಂಕಿನವರಿಗೂ ಸಾಫ್ಟ್‌ವೇರ್‌ನವರಿಗೂ ಇಲ್ಲದ ಒಂದು ಆಸ್ತಿ ಇದೆ: ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ. ಮೌಲ್ಯಮಾಪನದ ಕೆಲಸ ಮುಗಿಸಿ ಏಪ್ರಿಲ್ ಕೊನೆಯಲ್ಲಿ ಹೊರಟರೂ ಸಮಯ ಬೇಕಾದಷ್ಟಿದೆ. ಆಗ ಕೆಳಗಿನ ಇಳಿಜಾರುಗಳಲ್ಲಿ ಲಾಲಿಗುರಾಂಸ್ ಹೂವಿನ ಕಾಲ ಮುಗಿಯುತ್ತಾ ಬಂದಿರುತ್ತದೆ, ಕಣಿವೆದಾರಿಯ ಮೇಲಿನ ಹಳೆಯ ಹಿಮ ಕರಗಿ ದಾರಿ ಬಿಟ್ಟಿರುತ್ತದೆ. ಕೊರತೆಯೂ ಇದೆ. ಮಧ್ಯಾಹ್ನ ಮೋಡ ಕವಿಯುತ್ತದೆ, ಕೆಳಗಿನ ಕಣಿವೆಗಳಲ್ಲಿ ಕಾಡಿನ ಬೆಂಕಿಯ ಹೊಗೆಯಿಂದ ಮಬ್ಬು ಕವಿದಿರುತ್ತದೆ, ಅಕ್ಟೋಬರ್‌ನ ಚಿತ್ರಗಳಂತಹ ಚಿತ್ರಗಳು ನಿಮ್ಮ ಮೊಬೈಲಿಗೆ ಸಿಗಲಿಕ್ಕಿಲ್ಲ. ಚಿತ್ರಕ್ಕಾಗಿ ದಿನಗಳನ್ನು ಬಿಟ್ಟುಕೊಡಬೇಡಿ.

ಇನ್ನೊಂದು ಲಾಭ ನಮ್ಮ ಸೀಮೆಗೇ ಸಂಬಂಧಿಸಿದ್ದು. ಅಕ್ಟೋಬರ್‌ನಲ್ಲಿ ಹೋಗುವವರು ತಯಾರಿ ಶುರುಮಾಡಬೇಕಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಬಂಡೆಗಳು ಕಾದ ಹಂಚಿನಂತಿರುವಾಗ. ಏಪ್ರಿಲ್‌ನಲ್ಲಿ ಹೋಗುವವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ತಂಪಿನ ಕಾಲ ಸಿಗುತ್ತದೆ. ಬೆಟ್ಟವಿಲ್ಲ ಎಂದು ಕೊರಗಬೇಡಿ. ನಿಮ್ಮೂರಿನ ಬಳಿಯೇ ಅಂಜನಾದ್ರಿಯ 575 ಮೆಟ್ಟಿಲುಗಳಿವೆ. ಒಂದು ಮೆಟ್ಟಿಲಿಗೆ ಅರ್ಧ ಅಡಿ ಹಿಡಿದರೆ ಒಟ್ಟು ಎತ್ತರ ತೊಂಬತ್ತು ಮೀಟರ್‌ಗೆ ಹತ್ತಿರ. ಹಾಗೆ ನೋಡಿದರೆ ಥೊರಾಂಗ್ ಲಾದಿಂದ ಮುಕ್ತಿನಾಥಕ್ಕೆ ಇಳಿಯುವುದೆಂದರೆ ಒಂದೇ ದಿನ ಅಂಜನಾದ್ರಿಯನ್ನು ಹದಿನೆಂಟು ಸಲ ಇಳಿದ ಲೆಕ್ಕ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಾ ಮೈಭಾರವನ್ನು ತಡೆಯುತ್ತದೆ, ಸ್ನಾಯುವಿನ ಎಳೆಗಳು ಹೆಚ್ಚು ಘಾಸಿಯಾಗುವುದು ಆಗಲೇ. ಆದ್ದರಿಂದ ನಿಲ್ಲದೆ ಹತ್ತುವ ಪಂದ್ಯ ಬಿಡಿ. ವಾರಕ್ಕೆ ಎರಡು ದಿನ ಬೆನ್ನಿಗೆ ಏಳೆಂಟು ಕಿಲೋ ತೂಕ ಹಾಕಿಕೊಂಡು ಎರಡು ಸಲ ಹತ್ತಿ ಇಳಿಯಿರಿ, ಇಳಿಯುವಾಗ ಜಿಗಿಯದೆ ಪ್ರತಿ ಹೆಜ್ಜೆಯನ್ನೂ ಮೆಲ್ಲಗೆ ಊರಿ. ಫೆಬ್ರುವರಿ ಹೊತ್ತಿಗೆ ಐದಾರು ಸಲಕ್ಕೆ ಬಂದರೆ ಸಾಕು. ಶನಿವಾರವೂ ಡಿಸೆಂಬರ್‌ನ ಹನುಮಮಾಲೆಯ ದಿನಗಳೂ ಬೇಡ, ಜನಜಂಗುಳಿಯಲ್ಲಿ ಹೆಜ್ಜೆ ಊರಲೂ ಜಾಗ ಸಿಗುವುದಿಲ್ಲ. ಆನೆಗುಂದಿ ಸುತ್ತಲಿನ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ, ಬೆಳಕು ಹರಿಯುವ ಮೊದಲು ಒಂಟಿಯಾಗಿ ಹೋಗಬೇಡಿ.

ನಮ್ಮ ಬಂಡೆಗಳು ಕಲಿಸದ ಪಾಠವೂ ಒಂದಿದೆ. ಆನೆಗುಂದಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಕಾಲಿಟ್ಟರೆ ಅಲುಗುವುದಿಲ್ಲ. ಹಿಮಾಲಯ ಐದು ಕೋಟಿ ವರ್ಷದ ಈಚಿನದು, ಇನ್ನೂ ಏಳುತ್ತಿದೆ, ಏಳುತ್ತಲೇ ಉದುರುತ್ತಿದೆ. ಥೊರಾಂಗ್ ಲಾದ ಎರಡೂ ಕಡೆ ಪುಡಿಕಲ್ಲಿನ ಇಳಿಜಾರಿನಲ್ಲಿ ಹೆಜ್ಜೆ ಜಾರುತ್ತಲೇ ಇರುತ್ತದೆ. ಸಂಡೂರಿನ ಗುಡ್ಡಗಳ ಕೆಂಪು ಜಲ್ಲಿಯ ಕಾಲುದಾರಿಗಳು ಇದಕ್ಕೆ ಹತ್ತಿರದ ಅಭ್ಯಾಸ ಕೊಡುತ್ತವೆ, ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಎರಡು ಊರುಗೋಲು ಬಳಸುವುದನ್ನು ಅಲ್ಲಿಯೇ ರೂಢಿಸಿಕೊಳ್ಳಿ, ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಉದ್ದನೆಯ ಸಮತಟ್ಟು ನಡಿಗೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಬದಿ ಇದ್ದೇ ಇದೆ. ಶ್ರೀಶೈಲದ ಯಾತ್ರೆಯನ್ನು ಬಿಡಬೇಕಾಗಿಲ್ಲ, ಆದರೆ ಅದಕ್ಕೂ ನೇಪಾಳಕ್ಕೂ ನಡುವೆ ಮೂರು ವಾರ ಅಂತರವಿರಲಿ. ಯುಗಾದಿ ಏಪ್ರಿಲ್‌ನಲ್ಲಿ ಬಿದ್ದ ವರ್ಷ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಬೂಟಿನ ಬಗ್ಗೆ ಪಾದಯಾತ್ರಿಗಳಿಗೆ ಒಂದು ವಿಶೇಷ ಮಾತು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ವರ್ಷಗಟ್ಟಲೆ ನಡೆದವರ ಪಾದ ಬೆರಳಿನ ಕಡೆ ಅಗಲವಾಗಿರುತ್ತದೆ. ಅಂಗಡಿಯಲ್ಲಿ ಸರಿಯೆನಿಸಿದ ಬೂಟು ಮುಕ್ತಿನಾಥದ ಇಳಿಜಾರಿನಲ್ಲಿ ಹೆಬ್ಬೆರಳ ಉಗುರನ್ನು ಕಪ್ಪಾಗಿಸುತ್ತದೆ. ಮುಂಭಾಗ ಅಗಲವಿರುವುದನ್ನು, ಸಂಜೆಯ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಕೊಳ್ಳಿ, ನವೆಂಬರ್‌ನಿಂದಲೇ ಅದರಲ್ಲಿ ನಡೆಯಿರಿ. ಬೂಟೊಂದನ್ನು ಬಿಟ್ಟು ಬೇರೆ ಏನನ್ನೂ ಹೊಸದಾಗಿ ಕೊಳ್ಳುವ ಅವಸರ ಬೇಡ. ಪುಕ್ಕದ ಜಾಕೆಟ್ಟು, ಮಲಗುವ ಚೀಲ ಎಲ್ಲ ಕಾಠ್ಮಂಡುವಿನ ಥಮೇಲ್‌ನಲ್ಲಿ, ಪೋಖರಾದಲ್ಲಿ ಬಾಡಿಗೆಗೆ ಸಿಗುತ್ತವೆ. ಹತ್ತಿಯ ಬನಿಯನ್ನು ಮಾತ್ರ ಊರಲ್ಲೇ ಬಿಡಿ, ಬೆವರು ಕುಡಿದ ಹತ್ತಿ ಬೇಗ ಒಣಗದೆ ಮೈಯ ಶಾಖವನ್ನು ಹೀರುತ್ತದೆ.

ನಿಮ್ಮ ಮನೆಯವರ ಭಯ ನ್ಯಾಯವಾದದ್ದು. 2024ರ ಜೂನ್‌ನಲ್ಲಿ ಉತ್ತರಕಾಶಿ ಕಡೆಯ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಲುಕಿ ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡರು. ಅದು ಎವರೆಸ್ಟ್ ಅಲ್ಲ, ಸುಮಾರು 4,400 ಮೀಟರ್ ಎತ್ತರದ ಕೆರೆಗಳ ದಾರಿ. ನೀವು ಹೋಗಬೇಕೆಂದಿರುವ ದಾರಿಯಲ್ಲೂ ಇಂತಹದ್ದು ನಡೆದಿದೆ. 2014ರ ಅಕ್ಟೋಬರ್ 14ರಂದು, ಅಂದರೆ ನೀವು ಆರಿಸಿಕೊಂಡ ತಿಂಗಳಲ್ಲೇ, ಥೊರಾಂಗ್ ಲಾ ಸುತ್ತಮುತ್ತ ಬಿದ್ದ ಭಾರಿ ಹಿಮಕ್ಕೆ ಮತ್ತು ಹಿಮಕುಸಿತಗಳಿಗೆ ನಲವತ್ತಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ವಿದೇಶಿ ಚಾರಣಿಗರಿದ್ದಂತೆ ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು. ಆ ಹಿಮದ ಮೂಲ ಹುದ್‌ಹುದ್ ಚಂಡಮಾರುತ. ಎರಡು ದಿನ ಮೊದಲು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಅದೇ ಗಾಳಿ ಉತ್ತರಕ್ಕೆ ಸಾಗಿ ಹಿಮಾಲಯದಲ್ಲಿ ಹಿಮವಾಗಿ ಸುರಿಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಕೇಳಿದ ಕೂಡಲೇ ಗಂಗಾವತಿಯ ಭತ್ತದ ರೈತರು ಒಕ್ಕಣೆ ನಿಲ್ಲಿಸಿ ತಾಡಪಾಲು ಹುಡುಕುತ್ತಾರಲ್ಲ, ಥೊರಾಂಗ್ ಲಾ ದಾಟುವವರಿಗೂ ಅದೇ ಎಚ್ಚರ ಬೇಕು. ಏಪ್ರಿಲ್ ಕೊನೆ, ಮೇ ಕೂಡ ಚಂಡಮಾರುತದ ಕಾಲವೇ. ಮನಾಂಗ್‌ನಲ್ಲಿರುವಾಗ ಪ್ರತಿದಿನ ಮುನ್ಸೂಚನೆ ನೋಡಿ, ಕೊಲ್ಲಿಯಲ್ಲಿ ಚಂಡಮಾರುತವಿದೆ ಎಂದರೆ ಮೇಲಕ್ಕೆ ಹೆಜ್ಜೆ ಇಡಬೇಡಿ.

ಮನೆಯವರಿಗೆ ಏನೂ ಆಗುವುದಿಲ್ಲ ಎಂದು ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಯಾವಾಗ ಹಿಂತಿರುಗುತ್ತೀರಿ ಎಂಬುದನ್ನು ಬರೆದುಕೊಡಿ: ಹಿಮ ಬೀಳುತ್ತಿದ್ದರೆ ಫೇದಿ ಬಿಡುವುದಿಲ್ಲ, ತಲೆನೋವಿದ್ದರೆ ಮೇಲಿನ ಊರಲ್ಲಿ ಮಲಗುವುದಿಲ್ಲ, ಬೆಳಗಿನ ಹತ್ತು ಗಂಟೆಯೊಳಗೆ ನೆತ್ತಿ ಮುಟ್ಟದಿದ್ದರೆ ವಾಪಸ್. ಅದರ ಒಂದು ಪ್ರತಿ ಮಾರ್ಗದರ್ಶಿಯ ಬಳಿಯೂ ಇರಲಿ. ಸಾಧ್ಯವಾದರೆ ಮನೆಯವರನ್ನೂ ಕರೆದುಕೊಂಡು ಹೋಗಿ, ಶ್ರೀಶೈಲಕ್ಕೆ ನಡೆಯುವ ಹೆಣ್ಣುಮಕ್ಕಳ ಸಂಖ್ಯೆ ನಿಮಗೇ ಗೊತ್ತಿದೆ.

2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಪರವಾನಗಿ ಪಡೆದ ಮಾರ್ಗದರ್ಶಿಯೊಂದಿಗೇ ನಡೆಯಬೇಕೆಂದು ನೇಪಾಳ ನಿಯಮ ಮಾಡಿದೆ. ಜಾರಿ ಎಷ್ಟು ಬಿಗಿಯಾಗಿದೆ ಎಂದು ತಲೆಕೆಡಿಸಿಕೊಳ್ಳದೆ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಭಾರ ಹೊರುವವರನ್ನು ಕರೆದುಕೊಂಡರೆ ಅವರ ಕಾಲಿಗೆ ಬೂಟು, ಮೈಗೆ ಬೆಚ್ಚನೆಯ ಬಟ್ಟೆ, ಹೆಸರಿನಲ್ಲಿ ವಿಮೆ ಇದೆಯೇ ಎಂದು ಹೊರಡುವ ಮೊದಲು ನೀವೇ ಕಣ್ಣಾರೆ ನೋಡಿ. ನಾಲ್ಕು ಜನರ ಸಾಮಾನನ್ನು ಒಬ್ಬನ ಬೆನ್ನಿಗೆ ಕಟ್ಟುವ ತಂಡಗಳ ಜೊತೆ ನಾನಂತೂ ಹೆಜ್ಜೆ ಹಾಕುವುದಿಲ್ಲ.

ಊಟದ ಚಿಂತೆ ಬೇಡ. ದಾರಿಯ ಪ್ರತಿ ಲಾಡ್ಜಿನಲ್ಲೂ ದಾಲ್ ಭಾತ್ ಸಿಗುತ್ತದೆ, ಕೇಳಿದಷ್ಟು ಬಡಿಸುತ್ತಾರೆ. ಮೇಲೆ ಹೋದಂತೆ ನಾಲಿಗೆ ರುಚಿ ಸತ್ತು ಅನ್ನ ಇಳಿಯುವುದಿಲ್ಲ, ಆಗ ನೆರವಿಗೆ ಬರುವುದು ನಮ್ಮ ಖಡಕ್ ರೊಟ್ಟಿ. ಹಗುರ, ಕೆಡುವುದಿಲ್ಲ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಜೊತೆ ಯಾರಿಗೂ ಹಸಿವಾಗುತ್ತದೆ. ಪುಡಿಯಾಗದಂತೆ ಸ್ಟೀಲ್ ಡಬ್ಬಿಯಲ್ಲಿಡಿ. ಎತ್ತರ ಹೆಚ್ಚಿದಂತೆ ಬೆಲೆಯೂ ಹೆಚ್ಚುತ್ತದೆ, ಜೀಪಿನ ರಸ್ತೆ ಮುಗಿದ ಮೇಲೆ ಎಲ್ಲವೂ ಮನುಷ್ಯರ ಅಥವಾ ಹೇಸರಗತ್ತೆಗಳ ಬೆನ್ನ ಮೇಲೆ ಬಂದದ್ದು. ನೇಪಾಳಿ ರೂಪಾಯಿಯ ನಗದನ್ನು ಕೆಳಗಿನಿಂದಲೇ ಒಯ್ಯಿರಿ, ನಮ್ಮ ನೂರು ರೂಪಾಯಿಗೆ ಅವರ 160.

ಆಚಾರ್ಯರ ಸಾಲಿಗ್ರಾಮ. ಮುಕ್ತಿನಾಥದ ಕೆಳಗಿನ ಕಾಳಿ ಗಂಡಕಿ ನದಿಯ ಪಾತ್ರದಲ್ಲಿ ಸಿಗುವ ಈ ಕರಿಕಲ್ಲುಗಳಲ್ಲಿ ಅಮೋನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆಗಳಿವೆ. ಭಾರತದ ಭೂಭಾಗ ಏಷ್ಯಾಕ್ಕೆ ಬಂದು ಗುದ್ದುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು, ಅದರ ತಳವೇ ಮೇಲೆದ್ದು ಈ ಪರ್ವತವಾಗಿದೆ. ಜೋಮ್‌ಸೋಮ್‌ನಲ್ಲಿ, ಮುಕ್ತಿನಾಥದಲ್ಲಿ ಅಂಗಡಿಯವರು ಮಾರುತ್ತಾರೆ, ಅವುಗಳಲ್ಲಿ ಕೆತ್ತಿ ಮಾಡಿದವೂ ಇರುತ್ತವೆ. ಆರಿಸುವುದು ಆಚಾರ್ಯರಿಗೇ ಗೊತ್ತಿರುವ ವಿದ್ಯೆ, ನಿಮಗಲ್ಲ. ನಿಮ್ಮ ನಡಿಗೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿದಿರುವುದರಿಂದ ತೂಕದ ಚಿಂತೆಯಿಲ್ಲ, ಸುಂಕದವರ ನಿಯಮ ಮಾತ್ರ ಕೇಳಿ ತಿಳಿದುಕೊಳ್ಳಿ. ಆಚಾರ್ಯರು ತಾವೇ ಬರುತ್ತೇನೆಂದರೂ ಪೋಖರಾದಿಂದ ವಾಹನದ ದಾರಿ ಇದೆ. ಆದರೆ ಪೋಖರಾ 800 ಮೀಟರ್ ಆಸುಪಾಸು, ಮುಕ್ತಿನಾಥ 3,700 ಮೀಟರ್‌ಗೂ ಮೇಲೆ. ಆನೆಗುಂದಿಯ ನವಬೃಂದಾವನಕ್ಕೆ ತೆಪ್ಪದಲ್ಲಿ ಹೋಗಿ ಬರುವಂತೆ ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗವಲ್ಲ ಅದು. ವಯಸ್ಸಾದವರು ಮಧ್ಯದಲ್ಲಿ, 2,700 ಮೀಟರ್‌ನ ಜೋಮ್‌ಸೋಮ್‌ನಲ್ಲಾದರೂ ಒಂದೆರಡು ರಾತ್ರಿ ತಂಗಿ, ಮುಕ್ತಿನಾಥದಲ್ಲಿ ರಾತ್ರಿ ಉಳಿಯದೆ ದರ್ಶನ ಮಾಡಿ ಇಳಿಯಬೇಕು. ಅಲ್ಲಿನ 108 ಧಾರೆಗಳ ಕೆಳಗೆ ತಣ್ಣೀರು ಸ್ನಾನದ ಸಾಹಸವನ್ನು ಹೃದಯದ ತೊಂದರೆ ಇದ್ದವರು ಮಾಡಬಾರದು.

ಹೋಗುವ ದಾರಿ ನಿಮ್ಮ ಜೇಬಿಗೆ ಬಿಟ್ಟದ್ದು. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ವಿಮಾನದಲ್ಲಿ ಕಾಠ್ಮಂಡು ಸೇರಬಹುದು, ಇಲ್ಲವೇ ರೈಲಿನಲ್ಲಿ ಗೋರಖ್‌ಪುರ ಸೇರಿ ಸೋನೌಲಿ ಗಡಿ ದಾಟಿ ಬಸ್ಸು ಹಿಡಿಯಬಹುದು. ಭಾರತೀಯರಿಗೆ ವೀಸಾ ಬೇಡ. ವಿಮಾನಕ್ಕೆ ನಿಮ್ಮ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ, ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಬೇಕು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶಪತ್ರವನ್ನು ಕಾಠ್ಮಂಡು ಅಥವಾ ಪೋಖರಾದಲ್ಲಿ ಮಾಡಿಸಿಕೊಳ್ಳಬೇಕು, ಸಾರ್ಕ್ ದೇಶದವರಿಗೆ ಶುಲ್ಕ ಕಡಿಮೆ. ನೀವು ಸರ್ಕಾರಿ ಶಾಲೆಯವರಾಗಿದ್ದರೆ ಇನ್ನೊಂದು ಕಾಗದವಿದೆ. ವೀಸಾ ಕೇಳದಿದ್ದರೂ ನೇಪಾಳ ವಿದೇಶವೇ, ಇಲಾಖೆಯ ಪೂರ್ವಾನುಮತಿ ಬೇಕು. ಆ ಕಡತ ಮೇಜಿನಿಂದ ಮೇಜಿಗೆ ಹೋಗುವ ವೇಗ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜನವರಿಯಲ್ಲೇ ಅರ್ಜಿ ಕೊಡಿ.